ಎರ್ಲಾಂಗೆನ್ ಆಸ್ಪತ್ರೆಯ ಲೂಪಸ್ ಚಿಕಿತ್ಸೆ: ಫಾರ್ವರ್ಡ್ ಮೆಸೇಜಿನಲ್ಲಿ ಇಲ್ಲದ ಮಾತುಗಳು

ಸಾಗರದ_ಮಳೆ

ನಮ್ಮ ಲೂಪಸ್ ರೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ. "ಜರ್ಮನಿಯಲ್ಲಿ ಲೂಪಸ್‌ಗೆ ಶಾಶ್ವತ ಮದ್ದು ಸಿಕ್ಕಿತು. ಒಂದೇ ಇಂಜೆಕ್ಷನ್. ಇನ್ನು ಜೀವಮಾನದಲ್ಲಿ ಮಾತ್ರೆ ಬೇಡ." ಕೆಳಗೆ ಯಾವುದೋ ಕ್ಲಿನಿಕ್ಕಿನ ಫೋನ್ ನಂಬರ್ ಬೇರೆ. ಗುಂಪಿನಲ್ಲಿರುವ ಇಬ್ಬರು ಹುಡುಗಿಯರು ಇದನ್ನು ಓದಿ ಎಚ್‌ಸಿಕ್ಯೂ (ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ) ನಿಲ್ಲಿಸಲು ಹೊರಟಿದ್ದಾರೆ.

ನನಗೂ ಲೂಪಸ್ ಇದೆ. ಕಿಡ್ನಿಗೂ ತಾಗಿದೆ. ಸ್ಟೀರಾಯ್ಡ್, ಮೈಕೋಫಿನೊಲೇಟ್, ಎಚ್‌ಸಿಕ್ಯೂ ಮೂರೂ ನಡೆಯುತ್ತಿವೆ. ಮೆಸೇಜ್ ಪೂರ್ತಿ ಬೊಗಳೆ ಇರಬೇಕು ಅಂತ ಹುಡುಕಿದರೆ ಎರ್ಲಾಂಗೆನ್ ಯೂನಿವರ್ಸಿಟಿ ಆಸ್ಪತ್ರೆ ನಿಜವಾಗಿಯೂ ಇದೆ, ದೊಡ್ಡ ಜರ್ನಲ್‌ನಲ್ಲಿ ಪೇಪರ್ ಕೂಡ ಬಂದಿದೆ. ಓದಲು ಕೂತೆ, ಅರ್ಧದಲ್ಲೇ ತಲೆ ಕೆಟ್ಟಿತು. ಇಲ್ಲಿ ವೈದ್ಯರಿದ್ದೀರಿ, ಲ್ಯಾಬಿನವರಿದ್ದೀರಿ. ಸ್ವಲ್ಪ ಬಿಡಿಸಿ ಹೇಳುತ್ತೀರಾ? ಹುಡುಗಿಯರಿಗೆ ಉತ್ತರ ಕೊಡಬೇಕು.

ಕಟ್ಟೆಪುರಾಣ

"ಶಾಶ್ವತ" ಅಂತ ಬರೆದಿದ್ದರೆ ಅಲ್ಲಿಗೇ ಡಿಲೀಟ್ ಮಾಡಿ. ಇದು ನನ್ನ ಪಾಲಿಸಿ.

ಗಂಟು_ಡಾಕ್ಟ್ರು

ಮೊದಲು ತುರ್ತಿನ ಮಾತು. ಆ ಇಬ್ಬರಿಗೆ ಇವತ್ತೇ ಹೇಳಿ, ಎಚ್‌ಸಿಕ್ಯೂ ನಿಲ್ಲಿಸಬಾರದು. 1991ರಲ್ಲಿ ಕೆನಡಾದವರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ರೋಗ ಹತೋಟಿಯಲ್ಲಿದ್ದವರಲ್ಲಿ ಕೆಲವರಿಗೆ ಮಾತ್ರೆ ಮುಂದುವರಿಸಿದರು, ಕೆಲವರಿಗೆ ಗೊತ್ತಾಗದ ಹಾಗೆ ಬರೀ ಸಕ್ಕರೆ ಮಾತ್ರೆ ಕೊಟ್ಟರು. ನಿಲ್ಲಿಸಿದವರಲ್ಲಿ ರೋಗ ಮತ್ತೆ ಕೆರಳುವ ಸಾಧ್ಯತೆ ಎರಡೂವರೆ ಪಟ್ಟು ಜಾಸ್ತಿ ಇತ್ತು. ಕೆಲವೇ ರೂಪಾಯಿಯ ಮಾತ್ರೆ, ಆದರೆ ಲೂಪಸ್‌ನಲ್ಲಿ ಅದಕ್ಕಿಂತ ನಂಬಿಗಸ್ತ ಔಷಧಿ ನಮ್ಮ ಹತ್ತಿರ ಇನ್ನೊಂದಿಲ್ಲ.

ಎರ್ಲಾಂಗೆನ್ ವಿಷಯ ರಾತ್ರಿ ಓಪಿಡಿ ಮುಗಿಸಿ ಬರೆಯುತ್ತೇನೆ. ಸುಳ್ಳು ಅಲ್ಲ ಅಂತ ಮಾತ್ರ ಈಗಲೇ ಹೇಳಿರುತ್ತೇನೆ.

ಸಾಗರದ_ಮಳೆ

ಹೇಳಿದೆ ಡಾಕ್ಟ್ರೇ. ಒಬ್ಬಳು ಒಪ್ಪಿದಳು. ಇನ್ನೊಬ್ಬಳು "ಕಣ್ಣಿಗೆ ತೊಂದರೆ ಅಂತಾರಲ್ಲಾ" ಅಂದಳು.

2020ರಲ್ಲಿ ಕೋವಿಡ್‌ಗೆ ಒಳ್ಳೆಯದು ಅಂತ ಊರಿಗೆ ಊರೇ ಈ ಮಾತ್ರೆ ಕೊಂಡು ಕಪಾಟಿನಲ್ಲಿ ಇಟ್ಟುಕೊಂಡಿತ್ತಲ್ಲ, ನೆನಪಿದೆಯಾ? ಆಗ ಒಂದು ಸ್ಟ್ರಿಪ್‌ಗಾಗಿ ನಾವು ಅಂಗಡಿ ಅಂಗಡಿ ಅಲೆದಿದ್ದೆವು. ಅಂಥ ಮಾತ್ರೆಯನ್ನು ಈಗ ಸುಮ್ನೆ ಬಿಡುತ್ತೇನೆ ಅನ್ನುವವರನ್ನು ಕಂಡರೆ ಸಿಟ್ಟು ಬರುತ್ತದೆ.

ಎರ್ಲಾಂಗೆನ್_ಕನ್ನಡಿಗ

ಊರಿನ ಹೆಸರು ನೋಡಿ ಒಳಗೆ ಬಂದೆ. ಸೀಮೆನ್ಸ್ ಇರುವುದರಿಂದ ಇಲ್ಲಿ ನಮ್ಮವರು ಸಾಕಷ್ಟಿದ್ದೇವೆ. ಬೆಂಗಳೂರಿನ ಆಫೀಸಿಂದ ಬಂದವರೇ ಜಾಸ್ತಿ. ನ್ಯೂರೆಂಬರ್ಗ್ ಪಕ್ಕದ ಸಣ್ಣ ಊರು, ಎಲ್ಲರೂ ಸೈಕಲ್ ಮೇಲೆ. ಯೂನಿವರ್ಸಿಟಿ ಆಸ್ಪತ್ರೆ ಊರ ನಡುವೆಯೇ, ಹಳೇ ಅರಮನೆಯ ತೋಟದ ಅಕ್ಕಪಕ್ಕದಲ್ಲಿದೆ. ಜರ್ಮನಿಯ ಮೊದಲ ಪ್ರನಾಳ ಶಿಶು ಹುಟ್ಟಿದ್ದೂ ಇದೇ ಆಸ್ಪತ್ರೆಯಲ್ಲಿ, 1982ರಲ್ಲಿ. ಹಾಗಾಗಿ "ಮೊದಲು ನಾವೇ" ಅನ್ನುವ ಗತ್ತು ಇಲ್ಲಿನವರಿಗೆ ಇದೆ, ಸುಳ್ಳೇನಲ್ಲ.

ಒಂದು ವಿಷಯ ಮಾತ್ರ ತಿಳಿಸುತ್ತೇನೆ. ಮೊದಲ ರೋಗಿಗಳಿಗೆ ಕೊಟ್ಟಿದ್ದು ಮಾಮೂಲಿ ಚಿಕಿತ್ಸೆಯಾಗಿ ಅಲ್ಲ. ಬೇರೆ ಯಾವ ಔಷಧಿಗೂ ಬಗ್ಗದೆ ಕೈಚೆಲ್ಲಿದವರಿಗೆ ವೈದ್ಯರು ತಮ್ಮ ಹೊಣೆಯಲ್ಲಿ ವಿಶೇಷ ಪ್ರಯತ್ನ ಮಾಡಲು ಇಲ್ಲಿನ ಕಾನೂನಿನಲ್ಲಿ ಅವಕಾಶ ಇದೆ. ಅದರಡಿ ಕೊಟ್ಟಿದ್ದು. ಟ್ರಯಲ್ ಶುರುವಾಗಿದ್ದು ಆಮೇಲೆ. ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಂಡು ಹೋಗಿ ಹಾಕಿಸಿಕೊಂಡು ಬರುವ ಇಂಜೆಕ್ಷನ್ ಇದಲ್ಲ.

ಗಂಟು_ಡಾಕ್ಟ್ರು

ಓಪಿಡಿ ಮುಗಿಯಿತು. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಲೂಪಸ್‌ನಲ್ಲಿ ನಮ್ಮದೇ ರಕ್ಷಣಾ ಪಡೆ ನಮ್ಮ ಮೇಲೆ ತಿರುಗಿ ಬೀಳುತ್ತದೆ. ಅದರಲ್ಲಿ ದೊಡ್ಡ ಪಾತ್ರ ಬಿ-ಕಣಗಳದ್ದು, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳದ್ದು. ಇವು ನಮ್ಮ ಡಿಎನ್‌ಎ ವಿರುದ್ಧವೇ ಪ್ರತಿಕಾಯ ತಯಾರಿಸುತ್ತವೆ. ರಿಪೋರ್ಟಿನಲ್ಲಿ "ಆಂಟಿ ಡಿಎಸ್-ಡಿಎನ್‌ಎ" ಅಂತ ನೋಡುತ್ತೀರಲ್ಲ, ಅದೇ. ಹಾಗಾದರೆ ಬಿ-ಕಣಗಳನ್ನೇ ತೆಗೆದುಬಿಟ್ಟರೆ? ಈ ಯೋಚನೆ ಹಳೆಯದು. ರಿಟುಕ್ಸಿಮ್ಯಾಬ್ ಅನ್ನುವ ಔಷಧಿ ಮಾಡುವುದೂ ಅದನ್ನೇ. ಆದರೆ ಲೂಪಸ್‌ನಲ್ಲಿ ಅದರ ದೊಡ್ಡ ಟ್ರಯಲ್‌ಗಳು ಸೋತವು. ರಕ್ತದಲ್ಲಿ ನೋಡಿದರೆ ಬಿ-ಕಣ ಸೊನ್ನೆ, ರೋಗ ಮಾತ್ರ ಹಾಗೇ ಇರುತ್ತದೆ.

ಯಾಕೆ ಹಾಗೆ? ಎರ್ಲಾಂಗೆನ್‌ನವರು ರೋಗಿಗಳ ಲಿಂಫ್ ಗಂಟಿನ ತುಣುಕು ತೆಗೆದು ಹೋಲಿಸಿ ನೋಡಿದರು. ರಿಟುಕ್ಸಿಮ್ಯಾಬ್ ಪಡೆದವರ ಗಂಟುಗಳಲ್ಲಿ ಬಿ-ಕಣಗಳು ಉಳಿದಿದ್ದವು. ಅವರ ಹೊಸ ಚಿಕಿತ್ಸೆ ಕಾರ್-ಟಿ, ಅಂದರೆ ರೋಗಿಯದೇ ಟಿ-ಕಣಗಳನ್ನು (ಇನ್ನೊಂದು ಬಗೆಯ ಬಿಳಿ ರಕ್ತಕಣ) ಲ್ಯಾಬಿನಲ್ಲಿ ಬದಲಿಸಿ ವಾಪಸ್ ಕೊಡುವುದು. ಅದನ್ನು ಪಡೆದವರಲ್ಲಿ ಗಂಟು ಖಾಲಿ. ಹೊಲದಲ್ಲಿ ಜೇಕು ಬಂದಾಗ ಮೇಲಿನ ಹುಲ್ಲು ಕೊಯ್ದರೆ ಏನೂ ಆಗುವುದಿಲ್ಲ, ಮಣ್ಣೊಳಗಿನ ಗಡ್ಡೆ ತೆಗೆಯಬೇಕು ಅಂತ ರೈತರಿಗೆ ಗೊತ್ತು. ಇಲ್ಲೂ ಅದೇ ಲೆಕ್ಕ.

ಕಾರ್-ಟಿ ಹುಟ್ಟಿದ್ದು ರಕ್ತದ ಕ್ಯಾನ್ಸರ್‌ಗೆ. ಅಮೆರಿಕದಲ್ಲಿ 2017ರಲ್ಲೇ ಅನುಮತಿ ಸಿಕ್ಕಿತ್ತು. ಎರ್ಲಾಂಗೆನ್‌ನಲ್ಲಿ ಗಂಟುವಾತ ವಿಭಾಗದ ಗಿಯೋರ್ಗ್ ಷೆಟ್ ಮತ್ತು ರಕ್ತರೋಗ ವಿಭಾಗದ ಆಂಡ್ರಿಯಾಸ್ ಮಾಕೆನ್ಸನ್ ಅವರ ತಂಡಗಳು ಸೇರಿ ಅದನ್ನು ಲೂಪಸ್‌ಗೆ ತಂದವು. ನನ್ನನ್ನು ಕೇಳಿದರೆ ಅರ್ಧ ಗೆಲುವು ಇದರಲ್ಲೇ ಇದೆ. ನಮ್ಮಲ್ಲಿ ಎರಡು ವಿಭಾಗದವರು ಒಂದೇ ಲಿಫ್ಟ್‌ನಲ್ಲಿ ಹೋದರೂ ಮಾತಾಡುವುದು ಕಮ್ಮಿ.

2021ರಲ್ಲಿ ಮೊದಲ ರೋಗಿ, 20 ವರ್ಷದ ಹುಡುಗಿ. ಕಿಡ್ನಿ, ಹೃದಯ, ಶ್ವಾಸಕೋಶದ ಪೊರೆ, ಎಲ್ಲಕ್ಕೂ ರೋಗ ಹರಡಿತ್ತು. ಚೇತರಿಸಿಕೊಂಡಳು. 2022ರಲ್ಲಿ ಐದು ಜನರ ವರದಿ ಬಂತು. 2024ರ ಫೆಬ್ರವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ 15 ಜನರ ವರದಿ. ಅದರಲ್ಲಿ 8 ಲೂಪಸ್, 3 ಮಯೋಸೈಟಿಸ್ ಅಂದರೆ ಸ್ನಾಯುಗಳ ಉರಿಯೂತ, 4 ಸಿಸ್ಟಮಿಕ್ ಸ್ಕ್ಲೆರೋಸಿಸ್ ಅಂದರೆ ಚರ್ಮ ಬಿಗಿಯಾಗುತ್ತ ಹೋಗುವ ಕಾಯಿಲೆ. ಎಂಟೂ ಲೂಪಸ್ ರೋಗಿಗಳಲ್ಲಿ ರೋಗ ತಣ್ಣಗಾಯಿತು. ಹದಿನೈದೂ ಜನ ಸ್ಟೀರಾಯ್ಡ್ ಸೇರಿ ರೋಗನಿರೋಧಕ ಶಕ್ತಿ ತಗ್ಗಿಸುವ ಎಲ್ಲ ಔಷಧಿ ನಿಲ್ಲಿಸಿದರು. ಅವರನ್ನು ಗಮನಿಸಿದ ಅವಧಿ 4ರಿಂದ 29 ತಿಂಗಳು.

ನನಗೆ ಇದಕ್ಕಿಂತ ಅಚ್ಚರಿ ಅನಿಸಿದ್ದು ಇನ್ನೊಂದು. ಸರಾಸರಿ 112 ದಿನಗಳಲ್ಲಿ ಬಿ-ಕಣಗಳು ವಾಪಸ್ ಬಂದವು. ಆದರೆ ರೋಗ ಬರಲಿಲ್ಲ. ಬಂದವು ಇನ್ನೂ ಏನನ್ನೂ ಕಲಿಯದ ಎಳೆಯ ಬಿ-ಕಣಗಳು. ಹಳೇ ದ್ವೇಷ ಅವಕ್ಕೆ ಗೊತ್ತೇ ಇಲ್ಲ.

ಸಾಗರದ_ಮಳೆ

ಕೊನೇ ಪ್ಯಾರಾ ಎರಡು ಸಲ ಓದಿದೆ ಡಾಕ್ಟ್ರೇ. ಹಾಗಾದರೆ ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಲಸಿಕೆಗಳ ಕತೆ ಏನು? ಅವೂ ಹೋಗುತ್ತವಾ?

ಗಂಟು_ಡಾಕ್ಟ್ರು

ಒಳ್ಳೆ ಪ್ರಶ್ನೆ. ಬಹುಪಾಲು ಉಳಿದವು. ಲಸಿಕೆಯ ಪ್ರತಿಕಾಯ ತಯಾರಿಸುವ ಹಳೇ ಪ್ಲಾಸ್ಮಾ ಕಣಗಳು ಮೂಳೆಯ ಮಜ್ಜೆಯಲ್ಲಿ ಅಡಗಿ ಕೂತಿರುತ್ತವೆ. ಕಾರ್-ಟಿ ಹಿಡಿಯುವುದು ಬಿ-ಕಣಗಳ ಮೇಲಿರುವ ಸಿಡಿ19 ಅನ್ನುವ ಗುರುತನ್ನು. ಆ ಕಣಗಳಲ್ಲಿ ಹೆಚ್ಚಿನವಕ್ಕೆ ಈ ಗುರುತೇ ಇರುವುದಿಲ್ಲ.

ಪೈಪೆಟ್_ಪಾಂಡು

ಲ್ಯಾಬಿನ ಕಡೆಯ ಕತೆ ನಾನು ಹೇಳುತ್ತೇನೆ, ದಿನಾ ಇದೇ ಕೆಲಸ.

"ಒಂದೇ ಇಂಜೆಕ್ಷನ್" ಅನ್ನುವುದು ನಿಜ, ಆದರೆ ಅದು ಕೊನೆಯ ಹತ್ತು-ಹದಿನೈದು ನಿಮಿಷದ ಕತೆ ಅಷ್ಟೇ. ಅದಕ್ಕೆ ಮುಂಚೆ ರೋಗಿಯನ್ನು ಒಂದು ಯಂತ್ರದ ಪಕ್ಕ ಗಂಟೆಗಟ್ಟಲೆ ಮಲಗಿಸುತ್ತಾರೆ. ಒಂದು ನಳಿಕೆಯಿಂದ ರಕ್ತ ಹೊರಗೆ ಬರುತ್ತದೆ, ಯಂತ್ರ ಅದನ್ನು ಗಿರ್ರನೆ ತಿರುಗಿಸಿ ಬಿಳಿ ಕಣಗಳನ್ನು ಮಾತ್ರ ಚೀಲಕ್ಕೆ ಹಾಕಿ ಉಳಿದ ರಕ್ತವನ್ನು ವಾಪಸ್ ಕಳಿಸುತ್ತದೆ. ಚೀಲದಲ್ಲಿ ಬೀಳುವುದು ನಸುಗೆಂಪು ಬಣ್ಣದ ದ್ರವ. ತುಟಿ ಜುಮ್ಮೆನ್ನುತ್ತದೆ ಅಂತ ರೋಗಿಗಳು ಹೇಳುತ್ತಾರೆ. ರಕ್ತ ಹೆಪ್ಪುಗಟ್ಟದಿರಲು ಹಾಕುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ಹಾಗಾಗುತ್ತದೆ.

ಆ ಚೀಲದಿಂದ ಟಿ-ಕಣ ಬೇರ್ಪಡಿಸಿ, ಒಂದು ವೈರಸ್ಸಿನ ಮೂಲಕ ಹೊಸ ಜೀನ್ ಒಳಗೆ ಸೇರಿಸುತ್ತೇವೆ. ಸಿಡಿ19 ಇರುವ ಕಣ ಕಂಡರೆ ಕೊಲ್ಲು ಅನ್ನುವ ಹೊಸ ಕೊಕ್ಕೆ ಟಿ-ಕಣದ ಮೈಮೇಲೆ ಮೂಡುತ್ತದೆ. ಆಮೇಲೆ ಬೆಳೆಸಬೇಕು. ಎರ್ಲಾಂಗೆನ್‌ನಲ್ಲಿ ಇದನ್ನು ಹೊರಗಿನ ಕಂಪನಿಗೆ ಕಳಿಸದೆ ಆಸ್ಪತ್ರೆಯಲ್ಲೇ, ಎಲ್ಲ ಕಡೆ ಮುಚ್ಚಿದ ಸ್ವಯಂಚಾಲಿತ ಯಂತ್ರದಲ್ಲಿ ಮಾಡಿದರು. ರೋಗಿಗೆ ಕೊಟ್ಟ ಪ್ರಮಾಣ ಕಿಲೋ ತೂಕಕ್ಕೆ 10 ಲಕ್ಷ ಕಣ. 50 ಕಿಲೋ ಇದ್ದವರಿಗೆ 5 ಕೋಟಿ. ಕೇಳಲು ಭಾರಿ ಅನಿಸುತ್ತದೆ, ನೋಡಲು ಪುಟ್ಟ ಚೀಲ.

ಚೀಲ ಹಾಕುವ ಮುಂಚಿನ ದಿನಗಳಲ್ಲಿ ಫ್ಲುಡಾರಾಬಿನ್, ಸೈಕ್ಲೊಫಾಸ್ಫಮೈಡ್ ಕೊಟ್ಟು ಒಳಗೆ ಜಾಗ ಖಾಲಿ ಮಾಡುತ್ತಾರೆ. ಅಂದರೆ ಕೀಮೋ. ಫಾರ್ವರ್ಡ್ ಮೆಸೇಜಿನಲ್ಲಿ ಇದು ಇತ್ತಾ?

ಸಾಗರದ_ಮಳೆ

ಇಲ್ಲ. ಕೀಮೋ ಅನ್ನುವ ಪದವೇ ಇರಲಿಲ್ಲ.

ಮಂಡ್ಯದ_ಗಂಡು

ವೈರಸ್ ಅಂದರೆ ಯಾವ ವೈರಸ್ಸು ಪಾಂಡು ಅಣ್ಣ? ನಮ್ಮ ಅತ್ತಿಗೆ ಕೇಳಿ ಹೆದರಿಕೊಂಡಿದ್ದಾರೆ.

ಪೈಪೆಟ್_ಪಾಂಡು

ಎಚ್‌ಐವಿ ಕುಟುಂಬದ್ದು. ಹೆದರಬೇಡಿ ಅಂತ ಹೇಳಿ. ರೋಗ ತರುವ ಭಾಗ, ಮರಿ ಹಾಕುವ ಭಾಗ ಎರಡನ್ನೂ ಕಿತ್ತು ಹಾಕಿ, ಜೀನ್ ಒಳಗೆ ಸಾಗಿಸುವ ಸಾಮರ್ಥ್ಯ ಮಾತ್ರ ಉಳಿಸಿಕೊಂಡಿರುತ್ತಾರೆ. ಇದರಿಂದ ಏಡ್ಸ್ ಬರುವುದಿಲ್ಲ.

ಜಯನಗರ_ಲೆಕ್ಕಿಗ

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದೀರಿ, ನಾನು ಸ್ವಲ್ಪ ಲೆಕ್ಕ ಕೇಳುತ್ತೇನೆ. 15 ಜನ. ಹೋಲಿಕೆಗೆ ಇನ್ನೊಂದು ಗುಂಪೇ ಇಲ್ಲ. ಆಯ್ಕೆ ಮಾಡಿದ್ದು ಅದೇ ವೈದ್ಯರು, ಚಿಕಿತ್ಸೆ ಕೊಟ್ಟಿದ್ದೂ ಅವರೇ, ಗುಣವಾಯಿತು ಅಂತ ಬರೆದಿದ್ದೂ ಅವರೇ. ಲೂಪಸ್ ತಾನಾಗಿಯೇ ಏರಿಳಿತ ಆಗುವ ಕಾಯಿಲೆ ಅಲ್ವಾ? ಕೀಮೋ ಬೇರೆ ಕೊಟ್ಟಿದ್ದಾರೆ. ಸೈಕ್ಲೊಫಾಸ್ಫಮೈಡ್ ಲೂಪಸ್‌ಗೇ ಕೊಡುವ ಹಳೇ ಔಷಧಿ. ಕೆಲಸ ಮಾಡಿದ್ದು ಕಣಗಳೋ ಕೀಮೋನೋ, ಹೇಗೆ ಹೇಳುತ್ತೀರಿ?

ಗಂಟು_ಡಾಕ್ಟ್ರು

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ ಲೆಕ್ಕಿಗರೇ. ಹೋಲಿಕೆ ಗುಂಪು ಇಲ್ಲದಿರುವುದು ದೊಡ್ಡ ಕೊರತೆಯೇ.

ಆದರೂ ಕೀಮೋ ಒಂದೇ ಕಾರಣ ಅಂತ ನನಗೆ ಅನಿಸುವುದಿಲ್ಲ. ಈ ರೋಗಿಗಳು ಹಲವು ಔಷಧಿಗಳನ್ನು ದಾಟಿ ಬಂದವರು. ಸೈಕ್ಲೊಫಾಸ್ಫಮೈಡ್‌ಗೂ ಬಗ್ಗದವರು ಅವರಲ್ಲಿ ಇದ್ದರು. ಒಂದೇ ಒಂದು ಡೋಸ್‌ನಿಂದ ಎಲ್ಲ ಔಷಧಿ ನಿಲ್ಲಿಸಿ ವರ್ಷಗಟ್ಟಲೆ ಸುಮ್ಮನಿರುವ ಲೂಪಸ್ ಕಿಡ್ನಿಯನ್ನು ನನ್ನ ಓಪಿಡಿಯಲ್ಲಿ ನಾನಂತೂ ನೋಡಿಲ್ಲ. ಏರಿಳಿತ ಇರುತ್ತದೆ ನಿಜ, ಎಂಟಕ್ಕೆ ಎಂಟೂ ಒಟ್ಟಿಗೇ ಇಳಿಯುವುದು ಕಷ್ಟ.

"ಶಾಶ್ವತ" ಅನ್ನುವುದಕ್ಕೆ ಮಾತ್ರ ಉತ್ತರ ಅದೇ ಆಸ್ಪತ್ರೆಯಿಂದಲೇ ಬಂದಿದೆ. ಮಯೋಸೈಟಿಸ್ ಇದ್ದ ಒಬ್ಬ ರೋಗಿಗೆ ಕಾಯಿಲೆ ಮರುಕಳಿಸಿತು. ಸಿಡಿ19 ಕಾರ್-ಟಿಯನ್ನೇ ಇನ್ನೊಂದು ಸಲ ಕೊಟ್ಟರೂ ನಿಲ್ಲಲಿಲ್ಲ. ಆಮೇಲೆ ಪ್ಲಾಸ್ಮಾ ಕಣಗಳ ಮೇಲಿರುವ ಬಿಸಿಎಂಎ ಅನ್ನುವ ಬೇರೆ ಗುರುತನ್ನು ಹಿಡಿಯುವ ಕಾರ್-ಟಿ ಕೊಡಬೇಕಾಯಿತು. ಇದನ್ನು ಮುಚ್ಚಿಡದೆ 2025ರಲ್ಲಿ ಪ್ರಕಟಿಸಿದ್ದಾರೆ. ಮೆಸೇಜ್ ಬರೆದವರಿಗೆ ಅದು ಬೇಕಿರಲಿಲ್ಲ ಅಷ್ಟೇ.

ಜಯನಗರ_ಲೆಕ್ಕಿಗ

ಒಪ್ಪಿದೆ. ಅಡ್ಡ ಪರಿಣಾಮ?

ಗಂಟು_ಡಾಕ್ಟ್ರು

ಟಿ-ಕಣಗಳು ಒಳಗೆ ಜಗಳಕ್ಕೆ ಇಳಿದಾಗ ಜ್ವರ ಬರುತ್ತದೆ. ಕ್ಯಾನ್ಸರ್ ರೋಗಿಗಳಲ್ಲಿ ಇದು ಐಸಿಯು ತನಕ ಹೋಗುವುದುಂಟು. ಆ 15 ಜನರಲ್ಲಿ 10 ಜನರಿಗೆ ಸೌಮ್ಯ ರೂಪ, ಒಬ್ಬರಿಗೆ ಅದಕ್ಕಿಂತ ಒಂದು ಹಂತ ಮೇಲೆ. ಒಬ್ಬರಿಗೆ ಮೆದುಳಿಗೆ ಸಂಬಂಧಿಸಿದ ಸಣ್ಣ ತೊಂದರೆ, ಒಬ್ಬರಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದರು. ಕ್ಯಾನ್ಸರ್‌ನಷ್ಟು ಬಿ-ಕಣಗಳ ರಾಶಿ ಲೂಪಸ್‌ನಲ್ಲಿ ಇರುವುದಿಲ್ಲ, ಹಾಗಾಗಿ ಜಗಳವೂ ಸಣ್ಣದು.

ಇನ್ನೊಂದು ಎಚ್ಚರಿಕೆ ಇದೆ. ಕಾರ್-ಟಿ ಪಡೆದ ಕೆಲವು ಕ್ಯಾನ್ಸರ್ ರೋಗಿಗಳಲ್ಲಿ ಟಿ-ಕಣಗಳದ್ದೇ ಹೊಸ ಕ್ಯಾನ್ಸರ್ ಕಂಡಿದೆ. ಅಪರೂಪ, ಆದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಔಷಧಿಯ ಮಾಹಿತಿ ಪತ್ರದಲ್ಲಿ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿತು. ಕ್ಯಾನ್ಸರ್‌ನಿಂದ ಸಾಯುತ್ತಿರುವವರಿಗೆ ಆ ಅಪಾಯದ ಲೆಕ್ಕ ಬೇರೆ. ಮುಂದೆ ಐವತ್ತು ವರ್ಷ ಬದುಕಬೇಕಾದ ಇಪ್ಪತ್ತರ ಹುಡುಗಿಗೆ ಬೇರೆ.

ನಮ್ಮ ದೇಶದ ಮಟ್ಟಿಗೆ ಇನ್ನೂ ಎರಡು ಸೇರಿಸಿ: ಒಳಗೆ ಅಡಗಿರುವ ಟಿಬಿ ಮತ್ತು ಹೆಪಟೈಟಿಸ್ ಬಿ. ರೋಗನಿರೋಧಕ ಶಕ್ತಿ ತಗ್ಗಿದಾಗ ಎರಡೂ ತಲೆ ಎತ್ತುತ್ತವೆ. ಜರ್ಮನಿಯ 15 ಜನರ ಅನುಭವ ಇದಕ್ಕೆ ಉತ್ತರ ಕೊಡುವುದಿಲ್ಲ.

ಹುಬ್ಬಳ್ಳಿ_ಅಪ್ಪ

ನಮಸ್ಕಾರ್ರೀ ಎಲ್ಲರಿಗೂ. ಮಗಳಿಗೆ 17 ವರ್ಷ, ಪಿಯುಸಿ ಓದುತ್ತಿದ್ದಾಳೆ. ಲೂಪಸ್, ಕಿಡ್ನಿ ಬಯಾಪ್ಸಿಯಲ್ಲಿ ಕ್ಲಾಸ್ 4 ಅಂತ ಬಂದಿದೆ. ಸ್ಟೀರಾಯ್ಡ್‌ನಿಂದ ಮುಖ ಊದಿಕೊಂಡು ಕಾಲೇಜಿಗೆ ಹೋಗಲು ಒಲ್ಲೆ ಅನ್ನುತ್ತಾಳೆ. ಹೊಲ ಮಾರಿಯಾದರೂ ಜರ್ಮನಿಗೆ ಕರೆದುಕೊಂಡು ಹೋಗಲು ನಾನು ತಯಾರಿದ್ದೇನೆ. ಎಷ್ಟು ಖರ್ಚು ಬರುತ್ತದೆ ಅಂತ ಯಾರಾದರೂ ಹೇಳಿ. ಬೆಂಗಳೂರಿನಲ್ಲಿ ಇದು ಸಿಗುತ್ತದೆ ಅಂತಲೂ ಕೇಳಿದೆ, ಖರೇನಾ?

ಪೈಪೆಟ್_ಪಾಂಡು

ಅಪ್ಪಾರೇ, ಹೊಲದ ಮಾತು ಸದ್ಯಕ್ಕೆ ಬೇಡ.

ಬೆಂಗಳೂರಿನಲ್ಲಿ ಕಾರ್-ಟಿ ತಯಾರಾಗುವುದು ನಿಜ. ಬೊಮ್ಮಸಂದ್ರದ ಇಮ್ಯುನೀಲ್ ಕಂಪನಿ 2025ರ ಜನವರಿಯಲ್ಲಿ ಕಾರ್ಟೆಮಿ ಅಂತ ಒಂದನ್ನು ತಂದಿತು. ಅದರ ಮೂಲವೂ ಒಂದು ಯೂನಿವರ್ಸಿಟಿ ಆಸ್ಪತ್ರೆಯೇ, ಬಾರ್ಸಿಲೋನಾದ ಹಾಸ್ಪಿಟಲ್ ಕ್ಲಿನಿಕ್. ಅದಕ್ಕೂ ಮೊದಲು ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ನೆಕ್ಸ್‌ಕಾರ್19 ಬಂತು, ಅದಕ್ಕೆ 2023ರ ಅಕ್ಟೋಬರ್‌ನಲ್ಲಿ ಅನುಮತಿ. ಆದರೆ ಎರಡಕ್ಕೂ ಅನುಮತಿ ಸಿಕ್ಕಿದ್ದು ರಕ್ತದ ಕ್ಯಾನ್ಸರ್‌ಗೆ, ಲೂಪಸ್‌ಗೆ ಅಲ್ಲ.

ಖರ್ಚು: ಅಮೆರಿಕದಲ್ಲಿ 2017ರಲ್ಲಿ ಮೊದಲ ಕಾರ್-ಟಿ ಬಂದಾಗ ಬೆಲೆ 4,75,000 ಡಾಲರ್. ನಮ್ಮ ನೆಕ್ಸ್‌ಕಾರ್19 ಬಂದಾಗ 40 ಲಕ್ಷದ ಆಸುಪಾಸು, ಅಂದರೆ ಹತ್ತನೇ ಒಂದು ಭಾಗ. ಅಗ್ಗ ಅಂತ ಪತ್ರಿಕೆಗಳು ಬರೆದವು. ಯಾರಿಗೆ ಅಗ್ಗ ಅಂತ ಮಾತ್ರ ಬರೆಯಲಿಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಮಿತಿ 5 ಲಕ್ಷ.

ಎರ್ಲಾಂಗೆನ್_ಕನ್ನಡಿಗ

ಇಲ್ಲಿಗೆ ಬರುವ ವಿಷಯದಲ್ಲಿ ಒಂದು ಮಾತು ಸರ್. ಚಿಕಿತ್ಸೆ ಕೊಟ್ಟ ಮೇಲೆ ರೋಗಿಯನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡುತ್ತಿರಬೇಕು. ವೀಸಾದಲ್ಲಿ ಬಂದು ತಿಂಗಳಲ್ಲಿ ವಾಪಸ್ ಹೋಗುವವರಿಗೆ ಟ್ರಯಲ್‌ನಲ್ಲಿ ಜಾಗ ಸಿಗುವುದು ಬಹಳ ಕಷ್ಟ.

ಗಂಟು_ಡಾಕ್ಟ್ರು

ಹುಬ್ಬಳ್ಳಿ ಅಪ್ಪನವರೇ, ಮಗಳನ್ನು ನೋಡದೆ ಚಿಕಿತ್ಸೆ ಹೇಳುವುದಿಲ್ಲ. ಆದರೆ ಕ್ಲಾಸ್ 4 ಅಂದ ತಕ್ಷಣ ದಾರಿ ಮುಗಿಯಿತು ಅಂತ ತಿಳಿಯಬೇಡಿ. ಆ ಕ್ಲಾಸಿನ ಎಷ್ಟೋ ಹುಡುಗಿಯರು ಡಿಗ್ರಿ ಮುಗಿಸಿ, ಮದುವೆಯಾಗಿ, ಮಕ್ಕಳನ್ನು ಎತ್ತಿಕೊಂಡು ನನ್ನ ಓಪಿಡಿಗೆ ಬರುತ್ತಾರೆ. ಮುಖದ ಊತ ಸ್ಟೀರಾಯ್ಡ್ ಇಳಿಸಿದ ಹಾಗೆ ಇಳಿಯುತ್ತದೆ. ಅದನ್ನು ಅವಳಿಗೆ ಗಟ್ಟಿಯಾಗಿ ಹೇಳಿ. ಈ ವಯಸ್ಸಿನಲ್ಲಿ ಕನ್ನಡಿ ನೋಡಿ ಕದ್ದು ಮಾತ್ರೆ ಬಿಡುವವರೇ ಜಾಸ್ತಿ. ಅಲ್ಲಿಂದ ಶುರುವಾಗುತ್ತದೆ ತೊಂದರೆ.

ಮಾಮೂಲಿ ಔಷಧಿ ಸಾಲದಿದ್ದರೆ ಮಧ್ಯದಲ್ಲಿ ಇನ್ನೂ ಮೆಟ್ಟಿಲುಗಳಿವೆ. ಬೆಲಿಮುಮ್ಯಾಬ್ ಇದೆ. ಒಬಿನುಟುಜುಮ್ಯಾಬ್ ಅನ್ನುವುದು ರಿಟುಕ್ಸಿಮ್ಯಾಬ್‌ನ ಹಾಗೇ ಬಿ-ಕಣ ತೆಗೆಯುವ ಔಷಧಿ, ಆದರೆ ಇನ್ನೂ ಆಳಕ್ಕೆ ಇಳಿಯುತ್ತದೆ. ಲೂಪಸ್ ಕಿಡ್ನಿಯಲ್ಲಿ ಅದರ ದೊಡ್ಡ ಟ್ರಯಲ್ 2025ರಲ್ಲಿ ಪ್ರಕಟವಾಯಿತು, ಹೋಲಿಕೆ ಗುಂಪಿನ ಸಮೇತ. ಲೆಕ್ಕಿಗರು ಖುಷಿಪಡಬಹುದು. ಮಾಮೂಲಿ ಚಿಕಿತ್ಸೆಯ ಜೊತೆ ಇದನ್ನೂ ಕೊಟ್ಟಾಗ 76ನೇ ವಾರಕ್ಕೆ ಕಿಡ್ನಿ ಪೂರ್ತಿ ಚೇತರಿಸಿದವರು ಶೇ. 46.4, ಬರೀ ಮಾಮೂಲಿ ಚಿಕಿತ್ಸೆಯಲ್ಲಿ ಶೇ. 33.1. ಎಂಟಕ್ಕೆ ಎಂಟರ ಮುಂದೆ ಸಪ್ಪೆ ಕಾಣಬಹುದು. ಆದರೆ ಈ ಅಂಕಿಯ ಮೇಲೆ ನಾನು ಹೆಚ್ಚು ಧೈರ್ಯವಾಗಿ ಕಾಲಿಡುತ್ತೇನೆ.

ಇನ್ನೊಂದು. ಸೈಕ್ಲೊಫಾಸ್ಫಮೈಡ್ ಯಾವ ಕಾರಣಕ್ಕೇ ಕೊಡಲಿ, ಹೆಣ್ಣುಮಕ್ಕಳ ಅಂಡಾಶಯಕ್ಕೆ ಪೆಟ್ಟು ಬೀಳಬಹುದು. ಪ್ರಮಾಣ ಎಷ್ಟು, ಅಂಡಾಶಯ ಕಾಪಾಡಲು ಏನು ಮಾಡುತ್ತೀರಿ ಅಂತ ಮೊದಲೇ ಕೇಳಿ. ಅಪ್ಪಂದಿರು ಇದನ್ನು ಕೇಳಲು ಮುಜುಗರಪಡುತ್ತಾರೆ. ಆಗದಿದ್ದರೆ ತಾಯಿಯನ್ನು ಕರೆದುಕೊಂಡು ಹೋಗಿ.

ಸಾಗರದ_ಮಳೆ

ಅಪ್ಪಾಜಿ, ಮಗಳಿಗೆ ಬೇಕಿದ್ದರೆ ನನ್ನ ಹತ್ತಿರ ಮಾತಾಡಲಿ. ಮುಖ ಊದಿದ ಫೋಟೋಗಳು ನನ್ನ ಹತ್ತಿರವೂ ರಾಶಿ ಇವೆ, ಈಗಿನ ಮುಖವೂ ಇದೆ. ಹೋಲಿಸಿ ನೋಡಲಿ.

ಅಂದ ಹಾಗೆ, ಮೆಸೇಜಿನಲ್ಲಿದ್ದ ನಂಬರ್‌ಗೆ ಫೋನ್ ಮಾಡಿದೆ. ಎತ್ತಿಕೊಂಡವರು "ಜರ್ಮನ್ ಟೆಕ್ನಾಲಜಿ ಸ್ಟೆಮ್ ಸೆಲ್, ಮೂರು ಸಿಟ್ಟಿಂಗ್, ಅಡ್ವಾನ್ಸ್ ಕಟ್ಟಿದರೆ ಡಿಸ್ಕೌಂಟ್" ಅಂದರು. ಕಾರ್-ಟಿ ಅಂದರೆ ಏನು ಅಂತ ಕೇಳಿದೆ. ಲೈನ್ ಕಟ್.

ಕಟ್ಟೆಪುರಾಣ

ಡಿಸ್ಕೌಂಟ್! ಶ್ರಾವಣದ ಸೀರೆ ಸೇಲ್ ಅಂದುಕೊಂಡಿದ್ದಾರೆ.

ಪೈಪೆಟ್_ಪಾಂಡು

ನಿರೀಕ್ಷಿಸಿದ್ದೇ. ಸ್ಟೆಮ್ ಸೆಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಒಪ್ಪಿಗೆ ಇರುವ ಕೆಲವು ರಕ್ತದ ಕಾಯಿಲೆಗಳಂಥವನ್ನು ಬಿಟ್ಟರೆ ಸ್ಟೆಮ್ ಸೆಲ್ ಅನ್ನು ಟ್ರಯಲ್ ಒಳಗೆ ಮಾತ್ರ ಕೊಡಬಹುದು. ಹಣ ತೆಗೆದುಕೊಂಡು ಮಾರುವ ಹಾಗಿಲ್ಲ.

ಯಾರಾದರೂ "ಲೂಪಸ್‌ಗೆ ಕಾರ್-ಟಿ ಟ್ರಯಲ್ ನಡೆಯುತ್ತಿದೆ" ಅಂದರೆ ಸಿಟಿಆರ್‌ಐ ನಂಬರ್ ಕೇಳಿ. ನಮ್ಮ ದೇಶದ ಟ್ರಯಲ್‌ಗಳು ಆ ಸರಕಾರಿ ರಿಜಿಸ್ಟ್ರಿಯಲ್ಲಿ ಮುಂಚೆಯೇ ದಾಖಲಾಗಬೇಕು. ನಂಬರ್ ಸಿಟಿಆರ್‌ಐ ಅಂತ ಶುರುವಾಗಿ ವರ್ಷ, ತಿಂಗಳು, ಆಮೇಲೆ ಅಂಕಿಗಳು ಇರುತ್ತವೆ. ಯಾರು ಬೇಕಾದರೂ ಪುಕ್ಕಟೆ ತೆರೆದು ನೋಡಬಹುದು. ಯಾವ ಆಸ್ಪತ್ರೆ, ಯಾರನ್ನು ಸೇರಿಸುತ್ತಾರೆ, ಎಥಿಕ್ಸ್ ಸಮಿತಿ ಒಪ್ಪಿದೆಯಾ, ಎಲ್ಲ ಅಲ್ಲಿರುತ್ತದೆ. ನಂಬರ್ ಇಲ್ಲ ಅಂದರೆ ಅಥವಾ ಪರೀಕ್ಷಿಸುವ ಔಷಧಿಗೇ ದುಡ್ಡು ಕೇಳಿದರೆ ಎದ್ದು ಬನ್ನಿ.

ಹುಬ್ಬಳ್ಳಿ_ಅಪ್ಪ

ಬಹಳ ಉಪಕಾರ ಆಯಿತ್ರೀ. ಸೋಮವಾರ ಮಗಳನ್ನು ಕರೆದುಕೊಂಡು ದೊಡ್ಡ ಡಾಕ್ಟರ್ ಹತ್ತಿರ ಹೋಗುವುದಿದೆ. ಫೈಲ್ ದಪ್ಪ ಆಗಿದೆ, ಯಾವುದು ಮುಖ್ಯ ಗೊತ್ತಾಗುತ್ತಿಲ್ಲ. ಏನೇನು ಒಯ್ಯಬೇಕು?

ಗಂಟು_ಡಾಕ್ಟ್ರು

ಬಯಾಪ್ಸಿ ರಿಪೋರ್ಟ್ ಎಲ್ಲಕ್ಕಿಂತ ಮೇಲೆ ಇಡಿ. ಆಮೇಲೆ ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ, ರಕ್ತದ ಕ್ರಿಯಾಟಿನಿನ್, ಸಿ3, ಸಿ4, ಡಿಎಸ್-ಡಿಎನ್‌ಎ. ಹಳೆಯದರಿಂದ ಹೊಸದಕ್ಕೆ, ತಾರೀಖಿನ ಪ್ರಕಾರ ಜೋಡಿಸಿ. ಯಾವ ಮಾತ್ರೆ ಯಾವಾಗ ಶುರು, ಯಾವಾಗ ನಿಲ್ಲಿಸಿದ್ದು, ಯಾಕೆ ಅಂತ ಒಂದು ಹಾಳೆಯಲ್ಲಿ ಬರೆಸಿ. ಅದನ್ನು ಮಗಳೇ ಬರೆಯಲಿ. ಬಿಟ್ಟ ಮಾತ್ರೆಗಳನ್ನೂ ಬರೆಯಲಿ, ಬೈಯಬೇಡಿ. ತೂಕ ನೋಡಿಸಿ, ಎಚ್‌ಸಿಕ್ಯೂ ಪ್ರಮಾಣ ದಿನಕ್ಕೆ ಕಿಲೋಗೆ 5 ಮಿಲಿಗ್ರಾಂ ಮೀರದಂತೆ ಇರಬೇಕು. ಕಣ್ಣಿನ ಪರೀಕ್ಷೆ ಆಗಿಲ್ಲದಿದ್ದರೆ ಅದನ್ನೂ ಕೇಳಿ. ಮಳೆಯವರೇ, ನಿಮ್ಮ ಗುಂಪಿನ ಆ ಎರಡನೇ ಹುಡುಗಿಗೂ ಇದೇ ಉತ್ತರ.